ಮೂವತ್ತೊಂಬತ್ತು ಗಜ

ನಮ್ಮ ಕೆಲ್ಸೊ ಊರಿನ ಗಂಡಸರಿಗೆ ಎರಡೆರಡು ಹೆಸರು. ಒಂದು ಅಪ್ಪ ಅಮ್ಮ ಇಟ್ಟದ್ದು. ಇನ್ನೊಂದು ಹದಿನೇಳನೇ ವಯಸ್ಸಿನಲ್ಲಿ ಹೈಸ್ಕೂಲಿನ ಹಿಂದೆ ಬಸ್ಸು ನಿಲ್ಲುವ ಕಾಂಕ್ರೀಟಿನ ಮೇಲೆ ನಲವತ್ತು ಗಜ ಓಡಿ ಸಂಪಾದಿಸಿದ್ದು. ನಾಲ್ಕು ಸೆಕೆಂಡು, ಅದರ ಮೇಲೆ ಇನ್ನೊಂದು ಸೆಕೆಂಡಿನ ಹತ್ತು ಪಾಲಿನಲ್ಲಿ ಆರು ಪಾಲು ಹಿಡಿದರೆ ಅವನು ನಾಲ್ಕು-ಆರು. ಏಳು ಪಾಲು ಹಿಡಿದರೆ ನಾಲ್ಕು-ಏಳು. ಫುಟ್‌ಬಾಲ್ ಬಿಟ್ಟು ಮೂವತ್ತು ವರ್ಷವಾಗಿ, ಹೊಟ್ಟೆ ಬೆಲ್ಟಿನ ಮೇಲೆ ಜೋತುಬಿದ್ದರೂ ಆ ಹೆಸರು ಹೋಗುವುದಿಲ್ಲ. ಚರ್ಚಿಗೆ ಹೊಸ ಪಾದ್ರಿ ಬಂದರೆ, "ಇವನು ಡೇಲ್, ಹತ್ತಿ ಜಿನ್ನು ಇವನದೇ, ನಾಲ್ಕು-ಏಳು" ಎಂದೇ ಪರಿಚಯ ಮಾಡಿಸುತ್ತಾರೆ. ಪಾದ್ರಿ ಒಳ್ಳೆಯವನಾದರೆ ತನ್ನದನ್ನೂ ಹೇಳುತ್ತಾನೆ.

ಆರ್ವಿಲ್ ಪ್ರುಯಿಟ್‌ಗೆ ಆ ಎರಡನೇ ಹೆಸರು ಇರಲಿಲ್ಲ. ಹದಿನಾಲ್ಕು ವರ್ಷದವನಿದ್ದಾಗ ಹತ್ತಿ ಬಿಡಿಸುವ ಜಿನ್ನಿನ ಯಂತ್ರದ ಬೆಲ್ಟಿಗೆ ಸಿಕ್ಕಿ ಎಡ ಮಂಡಿ ಮಡಚದಂತಾಯಿತು. ಓಡಲಾಗದ ಅವನೇ ಓಡುವವರ ಮೈದಾನವನ್ನು ಮೂವತ್ತೆಂಟು ವರ್ಷ ನೋಡಿಕೊಂಡ. ಹುಲ್ಲು ಕತ್ತರಿಸುವುದು, ನೀರು ಬಿಡುವುದು, ಆಟದ ಹಿಂದಿನ ದಿನ ಸುಣ್ಣದ ಪುಡಿಯಲ್ಲಿ ಗೆರೆ ಹಾಕುವುದು. ಗಾಳಿ ಎಂದರೆ ನಮ್ಮ ಪಶ್ಚಿಮ ಟೆಕ್ಸಸ್ಸಿನ ಗಾಳಿ; ಹಾಕಿದ ಗೆರೆ ಕಣ್ಣೆದುರೇ ಹಾರಿಹೋಗುತ್ತದೆ. ಅವನು ಗೋಣಿಪಟ್ಟೆ ಅಡ್ಡ ಹಿಡಿದು, ಮೊಳದಷ್ಟು ಮೊಳದಷ್ಟೇ ಕೂತು ಕೂತು ಹಾಕುತ್ತಿದ್ದ. ಅವನ ಗೆರೆ ಕೂದಲೆಳೆಯಷ್ಟೂ ಸೊಟ್ಟ ಆದದ್ದನ್ನು ನಾನು ಕಂಡಿಲ್ಲ. ಮದುವೆ ಆಗಲಿಲ್ಲ. ತಾಯಿ ಇರುವವರೆಗೆ ತಾಯಿ ಜೊತೆ, ಆಮೇಲೆ ಮೈದಾನದ ಬೇಲಿಯ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಒಬ್ಬನೇ.

ಅವನ ಸಾಮಾನಿನ ಕೋಣೆಗೂ ನಾನು ಹುಡುಗರ ಬಟ್ಟೆ ಒಗೆಯುವ ಕೋಣೆಗೂ ನಡುವೆ ಒಂದು ತಗಡಿನ ಗೋಡೆ. ಶುಕ್ರವಾರ ಆಟ. ಶನಿವಾರ ಬೆಳಿಗ್ಗೆ ಅಂಗಿಗಳ ರಾಶಿ ನನ್ನ ಮುಂದೆ. ನನಗೆ ಆಟದ ನಿಯಮ ಪೂರ್ತಿ ಯಾವತ್ತೂ ತಲೆಗೆ ಹತ್ತಲಿಲ್ಲ. ಆದರೆ ಚೆಂಡು ಅಪ್ಪಿಕೊಂಡು ಓಡುವವನನ್ನು ಕೆಡವುವುದೇ ಆಟ ಎಂದ ಮೇಲೆ ಅಂಗಿ ಸುಳ್ಳು ಹೇಳುವುದಿಲ್ಲ. ಎದೆಯ ಮೇಲೆ ನಮ್ಮ ಕೆಂಪು ಮಣ್ಣು, ಭುಜದ ಮೇಲೆ ಎದುರು ತಂಡದ ಹೆಲ್ಮೆಟ್ಟಿನ ಬಣ್ಣ ಇದ್ದರೆ ಅವನು ಹೋಗಿ ಬಿದ್ದವನು. ಬೆನ್ನಿನ ಮೇಲೆ ಮಣ್ಣಿದ್ದರೆ ಬೀಳಿಸಿಕೊಂಡವನು. ವೇಗದ ಹುಡುಗರ ಅಂಕಿ ಬರೆಯುವ ಹೈಸ್ಕೂಲಿನ ಗೋಡೆಯ ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ನಾಲ್ಕು-ಐದು ಎಂದು ಬರೆಸಿಕೊಂಡ ಕೆಲವರ ಅಂಗಿಯನ್ನು ಒಗೆಯದೆ ಮಡಿಚಿಟ್ಟರೂ ನಡೆಯುತ್ತಿತ್ತು.

ಆರ್ವಿಲ್ ಅದೇ ಹೊತ್ತಿಗೆ ಮೈದಾನದಲ್ಲಿ ಕಾಲೆಳೆಯುತ್ತ ಹೆಜ್ಜೆಗುರುತು ನೋಡಿ ಬರುತ್ತಿದ್ದ.

"ಇವತ್ತು ಯಾರ್ದು ಕೊಳೆ ಜಾಸ್ತಿ?" ಎಂದು ಗೋಡೆಯಾಚೆಯಿಂದ ಕೇಳುತ್ತಿದ್ದ.

"ಲಾನಿ ಸ್ಟ್ಯಾಂಪ್ಸ್‌ದು. ಎದೆ ಪೂರ್ತಿ ಕೆಂಪು. ಬೆನ್ನು ನೋಡಿದ್ರೆ ಇಸ್ತ್ರಿ ಹಾಕ್ದಂಗಿದೆ."

"ನಂಗೊತ್ತಿತ್ತು. ಹುಲ್ಲೂ ಅದನ್ನೇ ಹೇಳ್ತು. ಬೇರೆ ಹುಡುಗ್ರು ಚೆಂಡು ನೋಡಿ ಓಡ್ತಾರೆ. ಇವನು ಚೆಂಡು ಎಲ್ಲಿಗೆ ಬರುತ್ತೋ ಅಲ್ಲಿಗೆ ಮೊದ್ಲೇ ಹೊರಟಿರ್ತಾನೆ."

"ಮತ್ತೆ ಅವನ ಹೆಸ್ರು ಗೋಡೆ ಮೇಲೆ ಯಾಕಿಲ್ಲ?"

"ಐದು-ಸೊನ್ನೆ ಅಲ್ವೇನೆ? ಗೋಡೆಗೆ ನಾಚ್ಕೆ ಆಗುತ್ತೆ."

ಲಾನಿ ಮತ್ತು ರಾಯ್ಸ್ ಟಿಲ್ಲರಿ ಒಂದೇ ವರ್ಷದ ಹುಡುಗರು. ರಾಯ್ಸ್ ಕೆಲ್ಸೊದ ಗೋಡೆಯ ತುತ್ತತುದಿ, ನಾಲ್ಕು-ನಾಲ್ಕು. ದನದ ಮೇವು, ಬೀಜ, ಸುಣ್ಣ ಮಾರುವ ಟಿಲ್ಲರಿ ಅಂಗಡಿಯ ಒಬ್ಬನೇ ಮಗ. ಅವನ ಅಪ್ಪ ಹೋಬರ್ಟ್ ಆ ಅಂಕಿಯನ್ನು ಅಂಗಡಿಯ ಬೋರ್ಡಿನಲ್ಲೇ ಬರೆಸಿದ್ದ. ಅಂಗಿಯ ಮಾತಿಗೆ ಬಂದರೆ ರಾಯ್ಸ್‌ನದೂ ಲಾನಿಯದರ ಹಾಗೆಯೇ: ಎದೆ ಕೆಂಪು, ಬೆನ್ನು ಚೊಕ್ಕ.

ದೊಡ್ಡ ಕಾಲೇಜಿನವರು ಬಂದರು. ತಮ್ಮದೇ ಗಡಿಯಾರ ಹಿಡಿದು ನಮ್ಮದೇ ಕಾಂಕ್ರೀಟಿನ ಮೇಲೆ ಮೂರು ಸಲ ಓಡಿಸಿದರು. ಮೂರು ಸಲವೂ ನಾಲ್ಕು-ನಾಲ್ಕು. ರಾಯ್ಸ್‌ನನ್ನು ಪೂರ್ತಿ ಖರ್ಚು ಕೊಟ್ಟು ಕರೆದೊಯ್ದರು. ಲಾನಿಯನ್ನು ಯಾರೂ ಕೇಳಲಿಲ್ಲ. ಯಾವುದೋ ಸಣ್ಣ ಕಾಲೇಜಿಗೆ ತಾನೇ ಹೋಗಿ, ಬಾಗಿಲು ತಟ್ಟಿ ಸೇರಿಕೊಂಡು, ನಾಲ್ಕು ವರ್ಷ ಒಂದು ಆಟವೂ ತಪ್ಪದೆ ಆಡಿದ.

ರಾಯ್ಸ್ ಅಲ್ಲಿ ಓಡಿದರೆ ನಾಲ್ಕು-ಐದು. ಇನ್ನೊಮ್ಮೆ ಓಡಿಸಿದರು. ನಾಲ್ಕು-ಐದು. ಬೂಟು ಬದಲಿಸಿದರು, ವೈದ್ಯರಿಗೆ ತೋರಿಸಿದರು. ಆ ಒಂದು ಪಾಲು ಸಿಗಲಿಲ್ಲ. ಅವರು ತಂದುಕೊಂಡದ್ದು ನಾಲ್ಕು-ನಾಲ್ಕನ್ನು. ಬೇರೆ ಸಾಮಾನು ಬಂತು ಎಂಬಂತೆ ಒಂದು ಮೂಲೆಯಲ್ಲಿ ಕೂರಿಸಿದರು. ಮಾರನೇ ವಸಂತದಲ್ಲಿ ಅವನು ಬಸ್ಸು ಹತ್ತಿ ಊರಿಗೆ ಬಂದ.

ಕೆಲ್ಸೊದಲ್ಲಿ ಇದು ಹೊಸತಲ್ಲ. ಊರು ಬಿಟ್ಟರೆ ನಮ್ಮ ಹುಡುಗರ ಕಾಲು ಭಾರವಾಗುತ್ತದೆ ಎಂದು ಎಲ್ಲರೂ ನಂಬಿದ್ದರು. ಮನೆಯ ನೆನಪು, ಅಲ್ಲಿನ ಅನ್ನನೀರು ಎಂದು ಕಾರಣ ಹೇಳಿಕೊಳ್ಳುತ್ತಿದ್ದರು. ಹೋಬರ್ಟ್ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಹತ್ತು ಜನರ ಮುಂದೆ ಅಂದ: "ಕಾಲು ಇಲ್ಲಿರೋವರ್ಗೂ ಇತ್ತು. ಅಲ್ಲಿ ಹೋಗಿ ಕುಡ್ದು ಕುಡ್ದು ಕಳ್ಕೊಂಡ." ರಾಯ್ಸ್ ಒಂದು ಹನಿ ಮುಟ್ಟಿದವನಲ್ಲ. ಬೋರ್ಡಿನ ಅಂಕಿಯ ಮೇಲೆ ಹೋಬರ್ಟ್ ಬಿಳಿ ಬಣ್ಣ ಬಳಿದ. ಬಿಸಿಲಿಗೆ ಬಣ್ಣ ತೆಳುವಾಗಿ ಅಂಕಿ ಮತ್ತೆ ಕಾಣುತ್ತಿತ್ತು.

ರಾಯ್ಸ್ ಆಗಿನಿಂದ ಬೆಳಗಿನ ತಿಂಡಿಗೆ ಕೆಫೆಯಲ್ಲಿ ಆರ್ವಿಲ್‌ನ ಮೇಜಿಗೆ ಬಂದು ಕೂರತೊಡಗಿದ. ಆ ಕೆಫೆಯಲ್ಲಿ 'ನಿನ್ನ ಕಾಲಿಗೇನಾಯ್ತೋ' ಎಂದು ಕೇಳದವನು ಆರ್ವಿಲ್ ಒಬ್ಬನೇ. ಆರ್ವಿಲ್‌ನೊಡನೆ ಯಾರೂ ಜಗಳವಾಡಿದವರಲ್ಲ, ಹಾಗೆಂದು ಯಾರೂ ಕೂತವರೂ ಅಲ್ಲ. ಅಂಕಿ ಇಲ್ಲದವನ ಜೊತೆ ಏನು ಮಾತಾಡಬೇಕು ಎಂದು ಅವರಿಗೆ ಹೊಳೆಯುತ್ತಿರಲಿಲ್ಲವೋ ಏನೋ.

"ಬಾರಪ್ಪ ನಾಲ್ಕು-ನಾಲ್ಕು" ಎಂದು ಇವನು.

"ಬಂದೆ ಮಿಸ್ಟರ್ ಆರ್ವಿಲ್. ನಿಮ್ಮ ಗೆರೆ ನೆಟ್ಟಗಿದೆಯೋ?" ಎಂದು ಅವನು.

ಇಪ್ಪತ್ತು ವರ್ಷ ಅದೇ ಮಾತು, ಅದೇ ಮೇಜು, ಎರಡು ಕಪ್ಪು ಕಾಫಿ, ಬಿಸ್ಕಿಟ್ ರೊಟ್ಟಿಯ ಮೇಲೆ ಬಿಳಿ ಗೊಜ್ಜು. ಆರ್ವಿಲ್‌ನ ದಿನದಲ್ಲಿ ಇನ್ನೊಬ್ಬರ ಮುಖ ನೋಡಿ ಕೂರುವ ಹೊತ್ತು ಅದೊಂದೇ. ನನ್ನ ಜೊತೆ ಮಾತು ತಗಡಿನ ಮೂಲಕ.

ಎರಡು ಸಾವಿರದ ನಾಲ್ಕರ ಏಪ್ರಿಲ್‌ನಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಡಾಂಬರು ಹಾಕಲು ಒಬ್ಬ ಗುತ್ತಿಗೆದಾರ ಬಂದ. ಕೋಲಿಗೆ ಸಿಕ್ಕಿಸಿದ ಅಳತೆ ಚಕ್ರ ಉರುಳಿಸಿಕೊಂಡು ಓಟದ ಎರಡು ಬಿಳಿ ಗೆರೆಗಳ ನಡುವೆ ನಡೆದು ನಿಂತ.

"ಯಜಮಾನ್ರೇ, ಇದು ಮೂವತ್ತೊಂಬತ್ತು ಗಜ ಇದೆ. ಹೊಸದನ್ನೂ ಇಷ್ಟೇ ಮಾಡೋದಾ?"

"ನಿನ್ನ ಚಕ್ರಕ್ಕೆ ಗಾಳಿ ಹಾಕ್ಸು" ಎಂದ ಆರ್ವಿಲ್.

"ಇದ್ರಲ್ಲಿ ಗಾಳಿ ಇಲ್ಲ. ಗಟ್ಟಿ ರಬ್ಬರು."

ಆರ್ವಿಲ್ ನಗುತ್ತಲೇ ತನ್ನ ಹಳೇ ಉಕ್ಕಿನ ಟೇಪು ತಂದ. ನನ್ನ ಬಾಗಿಲಲ್ಲಿ ನಿಂತು, "ವಿಲ್ಡಾ, ಕೈ ಒರೆಸ್ಕೊಂಡು ಬಾ. ಒಂದು ತುದಿ ಹಿಡ್ಕೊಂಡ್ರೆ ಸಾಕು" ಎಂದ.

ನಾನು ಟೇಪಿನ ತುದಿಯ ಉಂಗುರವನ್ನು ಹೊರಡುವ ಗೆರೆಗೆ ಒತ್ತಿ ಕೂತೆ. ಅವನು ಟೇಪು ಬಿಡಿಸುತ್ತ, ಕಾಲೆಳೆಯುತ್ತ ಆ ತುದಿಗೆ ಹೋದ. "ನೂರಿಪ್ಪತ್ತಡಿ! ನಲವತ್ತು ಗಜ, ಸರಿಯಾಗಿ!" ಎಂದು ಕೂಗಿದ.

ನಾನು ಹೆಬ್ಬೆರಳಿನ ಕೆಳಗೆ ನೋಡಿದೆ. "ಆರ್ವಿಲ್, ಈ ಕಡೆ ಮೂರು ಅಂತಿದೆ."

"ಏನು ಮೂರು?"

"ಉಂಗುರದ ಪಕ್ಕದಲ್ಲಿ. ಮೂರಡಿ. ಒಂದು, ಎರಡು ಇಲ್ಲಿ ಇಲ್ವೇ ಇಲ್ಲ."

ಅವನು ಟೇಪು ಸುತ್ತಿಕೊಳ್ಳದೆ ಹಾಗೇ ನೆಲದ ಮೇಲೆ ಬಿಟ್ಟು ಬಂದ. ಉಂಗುರ ತೆಗೆದುಕೊಂಡು ಅದನ್ನು ಹಿಡಿದಿದ್ದ ರಿವೆಟ್ಟಿನ ಮೇಲೆ ಬೆರಳಾಡಿಸಿದ. ತನ್ನದೇ ಕೈಕೆಲಸ. ಎಂಬತ್ತೊಂದರ ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ಟೇಪಿನ ಮೊದಲ ಮೂರಡಿಯನ್ನು ತಿಂದುಹಾಕಿತ್ತು. ಉಳಿದದ್ದಕ್ಕೆ ಉಂಗುರ ಕೂರಿಸಿ, ಅಳೆಯುವಾಗ ಮೂರು ಕಳೆದುಕೊಂಡರಾಯಿತು ಎಂದುಕೊಂಡಿದ್ದ. ಮೈದಾನಕ್ಕೆ ಸರ್ವೆಯವರು ನೆಟ್ಟ ಗೂಟಗಳಿದ್ದವು, ಟೇಪು ಬೇಕಾಗುತ್ತಿರಲಿಲ್ಲ. ಅದು ಬೇಕಾದದ್ದು ಒಂದೇ ಸಲ. ಹಳೇ ಓಟದ ಜಾಗದಲ್ಲಿ ಕಟ್ಟಡ ಎದ್ದು, ಬಸ್ಸಿನ ಜಾಗದಲ್ಲಿ ಹೊಸ ಗೆರೆ ಬೇಕೆಂದು ಆಗಿನ ಕೋಚು ಅವಸರ ಮಾಡಿದಾಗ.

"ಅವ್ವನ್ನ ಮಣ್ಣು ಮಾಡಿ ಬಂದ ಮಾರನೇ ದಿನ ಅದು" ಎಂದ. "ಕಳೀಬೇಕು ಅಂತ ಇತ್ತು ತಲೇಲಿ. ಏನು ಕಳೀಬೇಕು ಅನ್ನೋದು ಹೋಗಿತ್ತು."

ಆಮೇಲೆ ಪ್ರತಿ ಆಗಸ್ಟಿನಲ್ಲೂ ಹಳೇ ಗೆರೆಯ ಮೇಲೆಯೇ ಹೊಸ ಬಣ್ಣ. ಎಂಬತ್ತೊಂದರಿಂದ ಕೆಲ್ಸೊದ ಹುಡುಗರು ಇದ್ದಕ್ಕಿದ್ದಂತೆ ಒಂದು ಪಾಲು ಚುರುಕಾದರು. ಕೊನೆಯ ಒಂದು ಗಜ ಓಡಲು ಹಿಡಿಯುವುದು ಅಷ್ಟೇ ಹೊತ್ತು. ಆ ಕೋಚು ಅದೇ ವರ್ಷ ಹುಡುಗರಿಗೆ ದಿನಕ್ಕೆ ಆರು ಬೇಯಿಸಿದ ಮೊಟ್ಟೆ ಕೊಡಿಸಲು ಶುರುಮಾಡಿದ್ದ. ಊರೆಲ್ಲ ಮೊಟ್ಟೆಯ ಮಹಿಮೆ ಎಂದಿತು. ಮೈದಾನಕ್ಕೆ ಅವನ ಹೆಸರಿಟ್ಟರು. ಇಪ್ಪತ್ತಮೂರು ಬೇಸಿಗೆ ನಾವು ಹೆಂಗಸರು ಸರದಿ ಹಾಕಿಕೊಂಡು ಮೊಟ್ಟೆ ಬೇಯಿಸಿದೆವು. ನಾನು ಸುಲಿದದ್ದೇ ಎಷ್ಟು ಸಾವಿರವೋ.

ನನಗೆ ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡೆ.

"ರಾಯ್ಸ್ ಏನೂ ಕಳ್ಕೊಂಡಿರ್ಲಿಲ್ಲ" ಎಂದ ಆರ್ವಿಲ್. "ಅವನು ಇಲ್ಲೂ ನಾಲ್ಕು-ಐದೇ."

"ಹೇಳ್ಬೇಕು ಅವನಿಗೆ. ಹೋಬರ್ಟ್ ಇನ್ನೂ ಇದಾನೆ."

"ಹೇಳ್ತೀನಿ."

ಹೋಬರ್ಟ್ ಆಗ ಪಕ್ಕದ ಊರಿನ ವೃದ್ಧರ ಆರೈಕೆ ಮನೆಯಲ್ಲಿದ್ದ. ರಾಯ್ಸ್ ಅಂಗಡಿ ಮುಚ್ಚಿ ದಿನವೂ ಸಂಜೆ ಹೋಗಿ ಗಂಜಿ ಕುಡಿಸಿ ಬರುತ್ತಿದ್ದ. ಮೇ ತಿಂಗಳಲ್ಲಿ ಕೇಳಿದೆ, "ಹೇಳಿದ್ಯಾ?" "ಇವತ್ತು ಅವನಿಗೆ ತಲೆನೋವಿತ್ತು" ಎಂದ. ಜೂನ್‌ನಲ್ಲಿ ಕೇಳಿದೆ. "ಇವತ್ತು ಖುಷಿಯಾಗಿದ್ದ, ಯಾಕೆ ಹಾಳುಮಾಡ್ಲಿ ಅಂತ ಸುಮ್ನಾದೆ." ಜುಲೈನಲ್ಲಿ ನನಗೆ ಸಿಟ್ಟು ಬಂತು.

"ತಲೆ ನೋವಾದ್ರೂ ಹೇಳಲ್ಲ, ಖುಷಿಯಾದ್ರೂ ಹೇಳಲ್ಲ. ಇನ್ನು ಯಾವಾಗ ಹೇಳ್ತೀಯೋ?"

ಗೋಡೆಯಾಚೆ ಡಬ್ಬಿ ಕೆಳಗಿಟ್ಟ ಸದ್ದಾಯಿತು. ಆಮೇಲೆ ಅಂದ: "ಹೇಳಿದ್ರೆ ಎದ್ದು ಹೋಗ್ತಾನೆ ವಿಲ್ಡಾ. ಬೆಳಿಗ್ಗೆ ನಾನು ಯಾರ ಮುಂದೆ ಕೂತ್ಕೊಳ್ಲಿ?"

ನಾನೇ ಹೋಗಿ ಹೇಳಬಹುದಿತ್ತು. ಅವನ ಬಾಯಿಂದಲೇ ಬರಲಿ ಎಂದು ಕಾದೆ. ಅಷ್ಟು ಕಾದದ್ದು ಸರಿಯೋ ತಪ್ಪೋ, ಈಗಲೂ ಬಟ್ಟೆ ಒಣಹಾಕುವಾಗ ನೆನಪಾಗುತ್ತದೆ.

ಹೊಸ ಡಾಂಬರಿನ ಮೇಲೆ ಅವನು ಬಾಯಿ ಮುಚ್ಚಿಕೊಂಡು ಸರಿಯಾದ ನಲವತ್ತು ಗಜ ಅಳೆದು ಗೆರೆ ಹಾಕಿದ. ಆಗಸ್ಟಿನಲ್ಲಿ ಹುಡುಗರು ಓಡಿದರು. ಎಲ್ಲರೂ ಒಂದು ಪಾಲು ನಿಧಾನ. ಊರು ಹೊತ್ತಿ ಉರಿಯಿತು. ಆ ವರ್ಷವೇ ಹೊಸ ಕೋಚಾಗಿ ಬಂದವನು ಬೇರೆ ಯಾರೂ ಅಲ್ಲ, ಲಾನಿ ಸ್ಟ್ಯಾಂಪ್ಸ್.

"ಐದು-ಸೊನ್ನೆ ಕೈಗೆ ಕೊಟ್ರೆ ಇನ್ನೇನಾಗುತ್ತೆ?" ಎಂದ ಜಿನ್ನಿನ ಡೇಲ್, ಕೆಫೆಯಲ್ಲಿ ಎಲ್ಲರಿಗೂ ಕೇಳುವಂತೆ.

"ಮೊಟ್ಟೆ ನಿಲ್ಸಿದಾನಂತಲ್ಲ! ಬೀನ್ಸ್ ತಿನ್ನಿಸ್ತಾನಂತೆ!"

"ಬೀನ್ಸ್ ತಿಂದ್ರೆ ಸದ್ದು ಬರುತ್ತೆ, ವೇಗ ಬರುತ್ತಾ?"

ಲಾನಿ ಮೂಲೆಯಲ್ಲಿ ರೊಟ್ಟಿ ಮುರಿಯುತ್ತ ಕೂತಿದ್ದ. "ಡೇಲ್, ನೀನು ನಾಲ್ಕು-ಏಳು ಅಲ್ವಾ?" ಎಂದ.

"ಹೌದು. ಏನೀಗ?"

"ನಾವು ಒಟ್ಟಿಗೆ ಆಡಿದ ಎರಡು ವರ್ಷದಲ್ಲಿ ನೀನು ಚೆಂಡು ಮುಟ್ಟಿದ್ದು ಅದು ಹೊರಗೆ ಹೋದಾಗ ಎತ್ಕೊಡೋಕೆ ಮಾತ್ರ."

ಎಲ್ಲರೂ ನಕ್ಕರು, ಡೇಲ್ ಕೂಡ. ಆರ್ವಿಲ್ ನಗಲಿಲ್ಲ. ಲಾನಿಗೆ ಬೈಗುಳ ಬೀಳುವುದು ತನ್ನ ಗೆರೆಯಿಂದ ಎಂದು ಅವನಿಗೆ ಗೊತ್ತಿತ್ತು. ಸಂಜೆ ಹೋಗಿ ಲಾನಿಗೆ ನಿಜ ಹೇಳಿದ. ಲಾನಿ ಬೆಂಚಿನ ಮೇಲೆ ಬಿದ್ದು ನಕ್ಕ. "ಹಾಗಾದ್ರೆ ನಾನು ಐದು-ಒಂದು! ಮಿಸ್ಟರ್ ಆರ್ವಿಲ್, ನಮ್ಮಪ್ಪನಿಗೆ ಮಾತ್ರ ಹೇಳ್ಬೇಡಿ." ಆಮೇಲೆ ನಗು ನಿಲ್ಲಿಸಿ ಅಂದ: "ನನ್ನ ಬೈದ್ರೆ ಬೈಲಿ. ಇದು ಮೊದ್ಲು ಕೇಳ್ಬೇಕಾದವನು ನಾನಲ್ಲ."

ಆ ವರ್ಷ ಲಾನಿಯ ನಿಧಾನದ ಹುಡುಗರು ಹತ್ತರಲ್ಲಿ ಎಂಟು ಆಟ ಗೆದ್ದರು. ಶನಿವಾರಗಳಲ್ಲಿ ನನ್ನ ಕೈಗೆ ಬಿಡುವಿರಲಿಲ್ಲ. ಎಲ್ಲ ಅಂಗಿಯ ಎದೆಯೂ ಕೆಂಪು. ಕೆಫೆಯವರು ಮಾತ್ರ "ಗೆಲ್ತಾರೆ ಸರಿ, ಆದ್ರೆ ನಿಧಾನಕ್ಕೆ ಗೆಲ್ತಾರೆ" ಎಂದು ಮುಖ ಸಿಂಡರಿಸಿದರು.

ನವೆಂಬರಿನಲ್ಲಿ ಹೋಬರ್ಟ್ ತೀರಿಕೊಂಡ. ಮಣ್ಣು ಮಾಡಿದ ನಾಲ್ಕನೇ ದಿನ ರಾಯ್ಸ್ ಕೆಫೆಗೆ ಬಂದ. ನಾನು ಗಲ್ಲಾದ ಹತ್ತಿರ ರೊಟ್ಟಿಯ ಪೊಟ್ಟಣಕ್ಕೆ ಕಾಯುತ್ತ ಕೂತಿದ್ದೆ. ಅವರ ಮೇಜು ನನ್ನ ಬೆನ್ನ ಹಿಂದೆ.

"ಬಾರಪ್ಪ" ಎಂದ ಆರ್ವಿಲ್. ಅಂಕಿ ಹೇಳಲಿಲ್ಲ.

ರಾಯ್ಸ್ ಕಾಫಿಯನ್ನು ಸುಮ್ಮನೆ ಕಲಕುತ್ತಿದ್ದ. "ಕೊನೇ ದಿನ ಎಚ್ಚರ ಇತ್ತು ಅಪ್ಪನಿಗೆ. ನನ್ನ ಗುರುತು ಹಿಡಿದ್ರು. ಏನೋ ಹೇಳ್ತಾರೆ ಅಂತ ಕಿವಿ ಹತ್ರ ಇಟ್ಟೆ. 'ಯಾಕೋ ಕುಡಿದೆ, ಒಳ್ಳೇ ಕಾಲಿತ್ತಲ್ಲೋ' ಅಂದ್ರು. ಅಷ್ಟೇ."

ಚಮಚದ ಸದ್ದು ನಿಂತಿತು.

"ರಾಯ್ಸ್, ಆ ಗೆರೆ ಮೂವತ್ತೊಂಬತ್ತು ಗಜ" ಎಂದ ಆರ್ವಿಲ್.

"ಯಾವ ಗೆರೆ?"

ಆರ್ವಿಲ್ ಹೇಳಿದ. ಯಂತ್ರ, ಟೇಪು, ಉಂಗುರ, ಅವ್ವ, ಎಲ್ಲ. ಗೆರೆ ಹಾಕುವ ಹಾಗೆಯೇ ಮೊಳ ಮೊಳವಾಗಿ ಹೇಳಿದ. ತನಗೆ ಅನುಕೂಲವಾಗುವಂತೆ ಒಂದು ಮಾತನ್ನೂ ಸೊಟ್ಟ ಮಾಡಲಿಲ್ಲ. "ನಿನ್ನ ಕಾಲಿಗೆ ಏನೂ ಆಗಿರ್ಲಿಲ್ಲ ಮಗ. ನನ್ನ ಟೇಪಿಗಾಗಿತ್ತು."

"ನಿಮಗೆ ಯಾವಾಗ ಗೊತ್ತಾಯ್ತು?"

"ಏಪ್ರಿಲ್‌ನಲ್ಲಿ."

"ಏಪ್ರಿಲ್‌ನಲ್ಲಿ ಅಪ್ಪ ಗಾಲಿ ಕುರ್ಚೀಲಿ ಹೊರಗೆ ಬಂದು ಕೂರ್ತಿದ್ರು. ಪೇಪರ್ ಓದ್ತಿದ್ರು."

"ಹೌದು."

"ಟೇಪು ತಗೊಂಡ್ಹೋಗಿ ತೋರಿಸ್ಬಹುದಿತ್ತು."

"ಹೌದು."

"ಯಾಕೆ ಹೇಳ್ಲಿಲ್ಲ?"

ಆರ್ವಿಲ್‌ನ ಕಣ್ಣು ಮೇಜಿನ ಮೇಲಿದ್ದ ಎರಡು ಕಪ್ಪುಗಳ ಮೇಲಿತ್ತಂತೆ; ಆಮೇಲೆ ಕೆಫೆಯ ಜೋಲೀನ್ ಹೇಳಿದಳು. ರಾಯ್ಸ್ ಕುರ್ಚಿಯನ್ನು ಸದ್ದಾಗದಂತೆ ಒಳಗೆ ಸರಿಸಿ, ಟೋಪಿ ಹಾಕಿಕೊಂಡು ಹೋದ.

ಊರಿಗೆ ಸುದ್ದಿ ಮುಟ್ಟಿತು. ನಂಬಿದವರು ಕಡಿಮೆ. ಆ ಗುತ್ತಿಗೆದಾರನ ಚಕ್ರವೇ ಸರಿಯಿಲ್ಲ ಎಂದರು. ಟೇಪು ಮೊನ್ನೆ ಮೊನ್ನೆ ಮುರಿದದ್ದಿರಬೇಕು ಎಂದರು. ಓಡದವನಿಗೆ ಓಡಿದವರ ಮೇಲೆ ಹೊಟ್ಟೆಕಿಚ್ಚು ಎಂದವನೂ ಒಬ್ಬನಿದ್ದ. ಗೋಡೆಯ ಅಂಕಿಗಳನ್ನು ಯಾರೂ ಅಳಿಸಲಿಲ್ಲ. ಡೇಲ್ ಇವತ್ತಿಗೂ ನಾಲ್ಕು-ಏಳು. ಆರ್ವಿಲ್‌ಗೆ ಮೊದಲು ತಲೆಯಾಡಿಸುತ್ತಿದ್ದವರೂ ಕಿಟಕಿ ಕಡೆ ನೋಡತೊಡಗಿದರು.

ಕ್ರಿಸ್‌ಮಸ್ ಮುಗಿದ ಮೇಲೆ ನಾನು ಟಿಲ್ಲರಿ ಅಂಗಡಿಗೆ ಹೋದೆ. ರಾಯ್ಸ್ ಬೀಜದ ಚೀಲ ಜೋಡಿಸುತ್ತಿದ್ದ.

"ಏನು ಬೇಕು ಮಿಸ್ ವಿಲ್ಡಾ?"

"ಏನೂ ಬೇಡ. ಒಂದು ಮಾತು ಹೇಳೋಕೆ ಬಂದೆ. ಮೂರು ವರ್ಷ ನಿನ್ನ ಅಂಗಿ ಒಗ್ದಿದೀನಿ. ಬೆನ್ನಿನ ಮೇಲೆ ಒಂದು ದಿನ ಮಣ್ಣು ಕಂಡಿಲ್ಲ. ನೀನು ಒಳ್ಳೇ ಆಟಗಾರ. ನಾಲ್ಕು-ನಾಲ್ಕಾದ್ರೂ ಅಷ್ಟೇ, ನಾಲ್ಕು-ಐದಾದ್ರೂ ಅಷ್ಟೇ. ಆ ಕಾಲೇಜಿನವರು ಗಡಿಯಾರ ಕೆಳಗಿಟ್ಟು ಒಂದು ಶನಿವಾರ ನನ್ನ ಹತ್ರ ಬಂದಿದ್ರೆ ನಾನೇ ಹೇಳ್ತಿದ್ದೆ."

ಅವನು ಚೀಲದ ಮೇಲೆ ಕೂತ. ನಗು ಬರುವ ಹಾಗಿತ್ತು, ಬರಲಿಲ್ಲ. "ಅಲ್ಲಿ ಹೋದ್ಮೇಲೆ ನಾನು ಚೆಂಡು ನೋಡೋದೇ ಬಿಟ್ಟೆ ಮಿಸ್ ವಿಲ್ಡಾ. ಪ್ರತಿ ಹೆಜ್ಜೇಲೂ ನನ್ನ ಕಾಲೇ ನೋಡ್ತಿದ್ದೆ. ಎಲ್ಲಿ ಹೋಯ್ತು ಆ ಒಂದು ಪಾಲು ಅಂತ. ಕಾಲು ನೋಡ್ಕೊಂಡು ಯಾರಿಗೆ ಆಡಕ್ಕಾಗುತ್ತೆ?"

"ಆರ್ವಿಲ್ ಒಬ್ಬನೇ ಕೂರ್ತಾನೆ ಈಗ."

"ಗೊತ್ತು. ರಸ್ತೆಯಿಂದ ಕಾಣುತ್ತೆ."

ಅಷ್ಟು ಹೇಳಿ ಮತ್ತೆ ಚೀಲ ಎತ್ತಿದ.

ಆರ್ವಿಲ್ ಮೇಜು ಬದಲಿಸಲಿಲ್ಲ. ಜೋಲೀನ್ ಅಭ್ಯಾಸಬಲದಿಂದ ಎರಡು ಕಪ್ಪು ಇಡುತ್ತಿದ್ದಳು. ಅವನು ಎದುರಿನದನ್ನು ಬೋರಲು ಹಾಕಿ ತಿಂಡಿ ಮುಗಿಸುತ್ತಿದ್ದ. ಮೈದಾನಕ್ಕೆ ಸುಣ್ಣದ ಪುಡಿ ಟಿಲ್ಲರಿ ಅಂಗಡಿಯಿಂದಲೇ ಬರಬೇಕು. ಮೊದಲೆಲ್ಲ ಮೂಟೆಗಳನ್ನು ರಾಯ್ಸ್ ತಾನೇ ಹೊತ್ತು ಇವನ ಗಾಡಿಗೆ ಹಾಕುತ್ತಿದ್ದ, ಈ ಕಾಲಿಗೆ ಭಾರ ಎತ್ತುವುದು ಕಷ್ಟವೆಂದು. ಈಗ ರಾಯ್ಸ್ ಒಳಗೇ ಇರುತ್ತಿದ್ದ. ಕೆಲಸದವನು ಬಂದು ಗಾಡಿಯ ಪಕ್ಕ ಎಸೆದು ಹೋಗುತ್ತಿದ್ದ, ಎತ್ತಿ ಹಾಕಿಕೊಳ್ಳುವುದು ಆರ್ವಿಲ್‌ನ ಪಾಲಿಗೆ. ಹೀಗೆ ಮೂರು ಆಗಸ್ಟು.

ನಾಲ್ಕನೆಯದು ಆರ್ವಿಲ್‌ನ ನೌಕರಿಯ ಕೊನೆಯ ಆಗಸ್ಟು. ಸುಣ್ಣ ತರಲು ಹೋದ ದಿನ ಅಂಗಡಿಯಿಂದ ಬಂದವನು ತನ್ನ ಕೋಣೆಗೆ ಹೋಗದೆ ನನ್ನ ಬಾಗಿಲಿಗೆ ಬಂದು ನಿಂತ. ಅಂಗಿಯ ಮೇಲೆ ಸುಣ್ಣದ ಪುಡಿ ಇರಲಿಲ್ಲ.

"ಮೂಟೆ ರಾಯ್ಸೇ ಹೊತ್ತು ತಂದ. ಎರಡೂ."

"ಏನಾದ್ರೂ ಅಂದ್ನಾ?"

"ಬೆನ್ನು ನೋವು ಅಂದ."

"ನೀನೇನಂದೆ?"

"ಬಿಸಿನೀರಿನ ಚೀಲ ಇಟ್ಕೋ ಅಂದೆ."

"ಅಷ್ಟೇನಾ?"

"ಅಷ್ಟೇ" ಎಂದ. ಗಾಳಿ ಏಳುವ ಮುಂಚೆ ಗೆರೆ ಮುಗಿಸಬೇಕೆಂದು ಮೈದಾನಕ್ಕೆ ಹೋದ.

ಮಾರನೇ ಬೆಳಿಗ್ಗೆ ರೊಟ್ಟಿಗೆಂದು ಹೋದಾಗ ಅವನು ಬಾಗಿಲಿಗೆ ಮುಖ ಮಾಡಿ ಕೂತಿದ್ದ. ಎದುರಿನ ಕಪ್ಪನ್ನು ಬೋರಲು ಹಾಕಿರಲಿಲ್ಲ. ರಾಯ್ಸ್ ಅವತ್ತು ಬರಲಿಲ್ಲ, ಆ ವಾರವೂ ಬರಲಿಲ್ಲ. ಜೋಲೀನ್ ಕೆಟಲು ಹಿಡಿದು ಎರಡು ಸಲ ಆ ಮೇಜಿನ ಬಳಿ ಹೋದಳು. ಎರಡು ಸಲವೂ ಇವನ ಕಪ್ಪಿಗಷ್ಟೇ ಹಾಕಿ, ಇನ್ನೊಂದನ್ನು ಹಾಗೆಯೇ ಬಿಟ್ಟು ಬಂದಳು.